ಹೊರಕ್ಕೆ ತೆರೆಯುವ ಬಾಗಿಲು

ಗುಳುಕ್. ನೆಲಮಾಳಿಗೆಯ ಮೂಲೆಯಲ್ಲಿದ್ದ ಮೋರಿಯ ಜಾಲರಿ ತೇಗಿತು.

ಹೊಲಿಗೆ ಯಂತ್ರಗಳ ಸದ್ದಿನಲ್ಲಿ ಅದು ಬೇರೆ ಯಾರಿಗೂ ಕೇಳಿಸಲಿಲ್ಲ. ಗುಂಡಿ ಹಚ್ಚುತ್ತಿದ್ದ ಗುಮಾನಿಯಕ್ಕ ಮಾತ್ರ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಎದ್ದಳು. ಹಚ್ಚಿದ ಪ್ರತಿ ಗುಂಡಿಯನ್ನೂ ಎರಡು ಸಲ ಜಗ್ಗಿ ನೋಡುವವಳು, ಗಂಡ ತಾನಾಗಿ ಪಾತ್ರೆ ತೊಳೆದ ದಿನ "ಏನು ಒಡೆದ್ರಿ?" ಎಂದು ಕೇಳುವವಳು, ಹಾಗಾಗಿ ಆ ಹೆಸರು ಅಂಟಿಕೊಂಡಿತ್ತು.

ಜಾಲರಿಯ ಮೇಲೆ ಅಂಗೈ ಹಿಡಿದಳು. ಕೆಳಗಿನಿಂದ ಗಾಳಿ ತಳ್ಳುತ್ತಿತ್ತು. ಬೀದಿಯ ಮಟ್ಟದಲ್ಲಿದ್ದ ಕಿಟಕಿಯಾಚೆ ಓಡಾಡುವ ಚಪ್ಪಲಿಗಳೆಲ್ಲ ಒಣಗಿಯೇ ಇದ್ದವು. ದೂರದಲ್ಲಿ ಗುಡುಗು.

"ಮಾಸ್ಟ್ರೇ, ಮೇಲೆಲ್ಲೋ ಜೋರು ಮಳೆ ಆಗಿದೆ. ಮೋರಿ ತುಂಬ್ತಾ ಇದೆ."

ಬಟ್ಟೆ ಕತ್ತರಿಸುತ್ತಿದ್ದ ಮಾಸ್ತರ ತಲೆ ಎತ್ತಲಿಲ್ಲ. "ಇಲ್ಲಿ ಒಂದು ಹನಿ ಬಿದ್ದಿಲ್ಲ ಅಕ್ಕ. ಈಗ ಮೋರಿಗೂ ಕೈಯಿಟ್ಟು ಜ್ವರ ನೋಡ್ತೀರಾ?"

ಅವಳು ಬಾಗಿಲ ಬಳಿ ಹೋದಳು. ಒಂಬತ್ತು ವರ್ಷದವಳಿದ್ದಾಗ ಮನೆಯ ಹೊರಗೆ ತೊಡೆಯ ಮಟ್ಟ ನೀರು ನಿಂತಿತ್ತು. ಅಪ್ಪ ಭುಜ ಕೊಟ್ಟು ನೂಕಿದರೂ ಹೊರಕ್ಕೆ ತೆರೆಯುವ ಬಾಗಿಲು ಕದಲಲಿಲ್ಲ. ಕೊನೆಗೆ ಹೆಂಚು ತೆಗೆದು ಹೊರಬಿದ್ದರು. ಅಂದಿನಿಂದ ಅಂಥ ಬಾಗಿಲನ್ನು ಅವಳು ನಂಬಳು. ಇಲ್ಲಿಯೂ ಪ್ರತಿ ಮಳೆಗಾಲ, ಮೊದಲ ಗುಡುಗಿಗೇ, ಕೀಲಿನ ಕಡ್ಡಿಗಳನ್ನು ಬಡಿದು ತೆಗೆದು ಹೊರಕ್ಕೇ ತೆರೆಯುವ ಈ ತಗಡಿನ ಬಾಗಿಲನ್ನು ಮೇಲೆ ಬೀದಿಯ ಗೋಡೆಗೆ ಒರಗಿಸಿಡುತ್ತಿದ್ದಳು.

ಇವತ್ತು ಕೀಲುಗಳ ಮೇಲೆ ಹೊಸ ವೆಲ್ಡಿಂಗ್ ಮಿನುಗುತ್ತಿತ್ತು.

"ಇದು ಯಾರು ಮಾಡಿಸಿದ್ದು?"

"ನಾನೇ. ನೀರು ಬರೋವಾಗ ಬಾಗಿಲು ಕಿತ್ತಿಡೋರನ್ನ ಎಲ್ಲಾದ್ರೂ ಕಂಡಿದ್ದೀರಾ? ನಾಳೆ ಮುನ್ನೂರು ಯೂನಿಫಾರ್ಮ್ ಹೋಗಬೇಕು."

ಅವಳು ಬಾಗಿಲನ್ನು ಪೂರ್ತಿ ಹೊರಕ್ಕೆ ನೂಕಿದಳು. ಅದು ಮುಚ್ಚದಂತೆ ತನ್ನ ಕಬ್ಬಿಣದ ಸ್ಟೂಲನ್ನು ಹೊಸ್ತಿಲಿಗೆ ಅಡ್ಡವಾಗಿ ಇಟ್ಟು, ನಾದಿನಿಯ ಯಂತ್ರದ ಪಕ್ಕಕ್ಕೆ ಬಂದಳು. ನಾದಿನಿಯ ಎಡಗಾಲು ಹುಟ್ಟಿನಿಂದ ಸಣ್ಣದು. ಹೊರಗಿನ ಹನ್ನೊಂದು ಮೆಟ್ಟಿಲನ್ನು ಅವಳು ಗೋಡೆ ಹಿಡಿದು, ಮೂರು ಕಡೆ ನಿಂತು ಹತ್ತಬೇಕು.

"ಏಳು."

"ಅತ್ತಿಗೆ, ಎರಡು ತೋಳು ಬಾಕಿ ಇದೆ. ನಿಮ್ಮ ಗುಮಾನಿಗೆಲ್ಲ ಮೆಟ್ಟಿಲು ಹತ್ತಿದ್ರೆ ನನ್ನ ಒಳ್ಳೆ ಕಾಲೂ ಸವೆದು ಹೋಗುತ್ತೆ."

"ಸವೆಯಲಿ. ಹೊತ್ಕೊಳ್ಳೋಕೆ ನಾನಿದ್ದೀನಿ. ಏಳು."

ಗೊಣಗುತ್ತ ಅವಳು ಏಳುವಷ್ಟರಲ್ಲಿ ಮೆಟ್ಟಿಲ ಮೇಲಿಂದ ಕಂದು ನೀರು ಇಳಿಯಿತು. ಮುಂದೆ ಯಾರದೋ ಒಂಟಿ ಚಪ್ಪಲಿ, ಹಿಂದೆ ಬೀದಿಯ ಕಸವೆಲ್ಲ. ಗುಮಾನಿಯಕ್ಕ ಒಣ ಕೈಯಲ್ಲಿ ಮೇನ್ ಸ್ವಿಚ್ ಕೆಳಗೆಳೆದಳು. ಯಂತ್ರಗಳು ಸುಮ್ಮನಾದವು. ಮಾಸ್ತರ ಓಡಿಬಂದು ಬಾಗಿಲು ಎಳೆದ. ಅದು ಸ್ಟೂಲಿಗೆ ತಾಗಿ ನಿಂತಿತು.

"ಸ್ಟೂಲ್ ತೆಗೀರಿ ಅಕ್ಕ. ಬಟ್ಟೆ ನೆನೆಯುತ್ತೆ."

ಅವಳು ಸ್ಟೂಲಿನ ಮೇಲೆ ಕಾಲಿಟ್ಟು ನಿಂತಳು. "ಮೊದಲು ಜನ ಹೋಗಲಿ. ಆಮೇಲೆ ಬೇಕಾದ್ರೆ ಬೀಗಾನೂ ಹಾಕಿ."

ಹೊಲಿಯುತ್ತಿದ್ದ ಉಳಿದ ನಾಲ್ವರು ಮೆಟ್ಟಿಲು ಹತ್ತಿದರು. ನಾದಿನಿಯನ್ನು ಸೊಂಟ ಹಿಡಿದು ಎತ್ತುತ್ತ ಅವಳು ಹತ್ತುವಾಗ ನೀರು ಮೊಣಕಾಲಿಗೆ ಬಂದಿತ್ತು. ಕೊನೆಗೆ ಕಾಲರುಗಳ ಗಂಟು ಅಪ್ಪಿಕೊಂಡು ಮಾಸ್ತರ. ಬೀದಿಯಿಂದ ಮತ್ತೂ ಮೇಲೆ, ಅದೇ ಕಟ್ಟಡದ ಮೊದಲ ಅಂತಸ್ತಿನ ಮೊಗಸಾಲೆ ಮುಟ್ಟುವಷ್ಟರಲ್ಲಿ ಕೆಳಗೆ ಸ್ಟೂಲು ಜಾರಿದ ಸದ್ದು, ಹಿಂದೆಯೇ ನೀರು ಬಾಗಿಲನ್ನು ದಡ್ಡೆಂದು ಮುಚ್ಚಿದ ಸದ್ದು.

ಸ್ವಲ್ಪ ಹೊತ್ತಿಗೆ ಮಾಸ್ತರ ಅಂಗಿ ಹಿಂಡಿಕೊಂಡ. "ಮೊದಲೇ ಮುಚ್ಚಿದ್ರೆ ಬಟ್ಟೆ ಉಳೀತಿತ್ತು."

"ಕಾವಲಿಗೆ ನಾವೂ ಒಳಗೇ ಇರ್ತಿದ್ವಲ್ಲ ಮಾಸ್ಟ್ರೇ," ಎಂದಳು ನಾದಿನಿ.

ಮಿಂಚು ಹೊಳೆಯಿತು. ಗುಮಾನಿಯಕ್ಕ ನಾದಿನಿಯ ಕೈಯನ್ನು ಕಬ್ಬಿಣದ ಕಂಬಿಯಿಂದ ಬಿಡಿಸಿ, ಬೆರಳು ಮಡಚುತ್ತ ಎಣಿಸಿದಳು. ಹದಿನಾರಕ್ಕೆ ಗುಡುಗಿತು. ಮಳೆ ಇನ್ನು ದೂರವಿರಲಿಲ್ಲ.

"ನೋಡಿ, ನೀರು ಏರೋದು ನಿಂತಿದೆ," ಎಂದ ಮಾಸ್ತರ. "ನಾವಿಬ್ಬರೂ ಇಳಿದರೆ ರಾಶಿಯ ಮೇಲಿನ ಬಟ್ಟೆ ಗಂಟುಗಳನ್ನಾದ್ರೂ ತರಬಹುದು. ಒಂದೇ ಒಂದು ಸಲ ನನ್ನ ಮಾತು ನಂಬಿ ಅಕ್ಕ, ಈ ನೀರು ಇನ್ನು..."

ಗುಮಾನಿಯಕ್ಕ ನಾದಿನಿಯ ತೋಳನ್ನು ತನ್ನ ತೋಳಿಗೆ ಸಿಕ್ಕಿಸಿ, ಎರಡು ಸಲ ಜಗ್ಗಿ ನೋಡಿ, ಎರಡನೇ ಅಂತಸ್ತಿನ ಮೆಟ್ಟಿಲು ಹತ್ತತೊಡಗಿದಳು.