ಸೂಜಿ ತಾಗದ ಅಂಚು

ಅಂದು ಬೆಳಿಗ್ಗೆ ಅಂಗಳ ಸಾರಿಸಿದ್ದೆ, ಎಮ್ಮೆ ಹಿಂಡಿದ್ದೆ, ಶಾವಿಗೆಗೆಂದು ಗೋಧಿ ಹಿಟ್ಟು ಸೋಸಿಟ್ಟಿದ್ದೆ, ಅತ್ತೆಗೆ ಬುತ್ತಿ ಕಟ್ಟಿ ಹಿರೋಳ್ಳಿಯ ಅವರ ಮಗಳ ಮನೆಗೆ ಕಳಿಸಿದ್ದೆ. ಅಷ್ಟಾದ ಮೇಲೆ ಕತ್ತರಿ ಹಿಡಿದು ಕೂತೆ.

ಮರುದಿನ ಓಣಿಯ ಹೆಂಗಸರು ನಮ್ಮ ಅಂಗಳದಲ್ಲಿ ಶಾವಿಗೆ ಹೊಸೆಯಲು ಬರುವವರಿದ್ದರು. ನಮ್ಮೂರು ಮಟಕಿಯ ಬಿಸಿಲಿಗೆ ಮೇಲೊಂದು ನೆರಳು ಬೇಕು. ಯುದ್ಧದ ಕಾಲ, ಅಂಗಡಿಯಲ್ಲಿ ಬಟ್ಟೆ ಸಿಗುತ್ತಿರಲಿಲ್ಲ. “ಅವ್ವನ ಸಂದೂಕದಾಗ ಮಾಂಜರಪಾಟ ಅದ, ತಗೋ” ಎಂದು ಹೇಳಿ ಮನೆಯವರು ಹೊಲಕ್ಕೆ ಹೋಗಿದ್ದರು. ಪೆಟ್ಟಿಗೆಯ ತಳದಲ್ಲಿ ಆ ಒರಟು ಬಿಳಿ ಬಟ್ಟೆ ಇತ್ತು. ಆರು ಗಜ, ಮಡಿಕೆ ಮುರಿದಿರಲಿಲ್ಲ.

ಒಂದು ಅಗಲ ಅಂಗಳಕ್ಕೆ ಸಾಲದು, ಎರಡು ತುಂಡು ಪಕ್ಕಪಕ್ಕ ಕಟ್ಟಬೇಕು. ನಡುವೆ ಅಡ್ಡ ಎಳೆಯೊಂದನ್ನು ಉಗುರಿನಿಂದ ಎತ್ತಿ ಮೆಲ್ಲಗೆ ಎಳೆದು ತೆಗೆದೆ. ಎಳೆ ಹೋದಲ್ಲಿ ಸಣ್ಣ ದಾರಿ ಬೀಳುತ್ತದೆ. ಅದರ ಗುಂಟ ಕತ್ತರಿಸಿದರೆ ಸೊಟ್ಟಗಾಗುವುದಿಲ್ಲ. ಮೊದಲ ತುಂಡಿನ ಅಂಚನ್ನು ಎರಡು ಸಲ ಮಡಚಿ ಹೊಲಿದೆ, ಇಲ್ಲದಿದ್ದರೆ ಗಾಳಿಗೆ ನೂಲು ಬಿಚ್ಚುತ್ತಲೇ ಹೋಗುತ್ತದೆ. ಮೂಲೆಗಳಿಗೆ ತ್ಯಾಪೆ ಕೊಟ್ಟು ಹಗ್ಗ ಕಟ್ಟುತ್ತಿರುವಾಗ ಅತ್ತೆ ತಿರುಗಿ ಬಂದರು.

“ಇದ್ಯಾವ ಅರಿವಿ ಬೇ?”

“ನಿಮ್ಮ ಸಂದೂಕದಾಗಿಂದರಿ. ನಿಮ್ಮ ಮಗ ತಗೋ ಅಂದ್ರು.”

ಅತ್ತೆ ಚಪ್ಪಲಿ ಬಿಡದೆಯೇ ಒಳಗೆ ಬಂದರು. ಎಂದೂ ಹಾಗೆ ಮಾಡಿದವರಲ್ಲ.

“ನನ್ನ ಹೆಣಕ್ಕಂತ ಇಟ್ಟದ್ದದು! ಸೂಜಿ ಹಾಕಿದಿ?”

ಕೊಳಕೂರಿನ ಅವರ ಅಣ್ಣ ಕೊನೆಯ ಸಲ ಬಂದಾಗ ಕೊಟ್ಟ ಬಟ್ಟೆಯಂತೆ. ಆತ ಈಗಿಲ್ಲ, ತವರಿನಿಂದ ಇನ್ನೊಂದು ತರುವವರಿಲ್ಲ. ಸತ್ತವರ ಬಟ್ಟೆಗೆ ಸೂಜಿ ತಾಗಬಾರದೆಂಬುದು ನನಗೂ ಗೊತ್ತು. ಹದಿನೆಂಟು ವರ್ಷ ಒಂದೇ ಒಲೆಯ ಅಡುಗೆ ಉಂಡರೂ, ಅತ್ತೆ ತಮ್ಮ ಸಾವಿಗೆ ಬಟ್ಟೆ ಎತ್ತಿಟ್ಟದ್ದು ಮಾತ್ರ ನನಗೆ ಗೊತ್ತಿರಲಿಲ್ಲ.

“ಇನ್ನೊಂದು ತುಂಡು ಹೊಲಿದಿಲ್ರಿ. ಆದ್ರ ಮೂರೇ ಗಜ. ಸಾಲೂದಿಲ್ಲ.”

ಅತ್ತೆ ಅದನ್ನು ಎತ್ತಿ ನೋಡಿದರು. ಆಮೇಲೆ ಮಣೆಯ ಮೇಲೆ ಕಾಲು ಮಡಚಿ ನೆಟ್ಟಗೆ ಕೂತರು.

“ಹೊಚ್ಚು, ನೋಡೂಣು.”

ನಾನು ಒಂದು ಹೆಜ್ಜೆ ಹಿಂದೆ ಸರಿದೆ.

“ಹೊಚ್ಚ ಬೇ! ನಮ್ಮವರಾಗ ಕುಂಡ್ರಿಸಿ ಮಣ್ಣ ಮಾಡ್ತಾರ. ಕುಂತಾಕಿಗೆ ಎಷ್ಟು ಬೇಕು?”

ನೆತ್ತಿಯ ಮೇಲಿಂದ ಹೊದಿಸಿ ಸುತ್ತು ತಂದೆ. ಮೊಣಕಾಲು ಮುಚ್ಚಿ ಇನ್ನೂ ಗೇಣು ಉಳಿಯಿತು. ಅದೇ ಹೊತ್ತಿಗೆ ಬಾಗಿಲಲ್ಲಿ “ಅವ್ವಾ!” ಎಂಬ ಕೂಗು. ಹೊಲದಿಂದ ಬಂದ ಮನೆಯವರು ಚೌಕಟ್ಟು ಹಿಡಿದು ನಿಂತಿದ್ದರು, ಮುಖ ಸುಣ್ಣದಂತಾಗಿತ್ತು.

“ಸತ್ತಿಲ್ಲೋ, ಅಳತಿ ಕೊಡಾಕತ್ತೇನಿ,” ಎಂದರು ಅತ್ತೆ ಬಟ್ಟೆಯೊಳಗಿಂದ. “ಸಂದೂಕ ತೋರಿಸಿದ ಶಾಣ್ಯಾ ನೀನಽ ಅಲ್ಲ?”

ಕತ್ತರಿಸಿದ ಅಂಚು ಆಗಲೇ ನೂಲು ಬಿಡುತ್ತಿತ್ತು.

“ಬಿಚ್ಚಾಕತ್ತದರಿ.”

“ಬಿಚ್ಚಲಿ. ಮಣ್ಣಾಗ ಯಾರು ನೋಡ್ತಾರ?”

ನನಗೆ ಸಮಾಧಾನವಾಗಲಿಲ್ಲ. “ಕಂಬಳಿಗೆ ಹಾಕ್ತಾರಲ್ರಿ, ಹಂಗ ಗಂಟ ಹಾಕಲೇನು? ಅದಕ್ಕ ಸೂಜಿ ಬೇಕಾಗಿಲ್ಲ.”

ಅತ್ತೆ ತಲೆಯ ಮೇಲಿನ ಬಟ್ಟೆ ಸರಿಸಿ ನನ್ನ ಕೈಗೆ ಕೊಟ್ಟರು. “ಸಣ್ಣ ಗಂಟ ಹಾಕು. ಒತ್ತಬಾರದು.”

ಬೆರಳಗಲದಷ್ಟು ಅಡ್ಡ ಎಳೆ ಬಿಡಿಸಿ ತೆಗೆದು, ಉಳಿದ ಉದ್ದ ಎಳೆಗಳನ್ನು ಐದೈದು ಕೂಡಿಸಿ ಗಂಟು ಹಾಕುತ್ತ ಹೋದೆ. ಹೊಲಿದ ತುಂಡಷ್ಟೇ ಅಂಗಳಕ್ಕೆ ಉಳಿಯಿತು.

ಸಂಜೆ ಬಿಸಿ ರೊಟ್ಟಿ, ಪುಂಡಿಪಲ್ಯ, ಉಳ್ಳಾಗಡ್ಡಿ. ಅತ್ತೆ ಎರಡು ರೊಟ್ಟಿ ತಿಂದರು, ಮನೆಯವರು ಅರ್ಧ. ಮೊದಲು ನಿದ್ದೆ ಹೋದವರು ಅತ್ತೆ. ಮನೆಯವರು ಎರಡು ಸಲ ಎದ್ದು ಅವರ ಉಸಿರು ನೋಡಿ ಬಂದರು.