ಬಿತ್ತನೆ ಕಾಳಿನ ಕಾವಲಿಗೆ ನಿಂತ ಡಮರಿಸ್

ಕೊಲ್ಲಿಯ ನೀರು ಇಳಿದು ಅರ್ಧ ಮೈಲಿಯಷ್ಟು ಕೆಸರು ಬಯಲಾಗಿದೆ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಲಂಗವನ್ನು ಮೊಣಕಾಲವರೆಗೆ ಎತ್ತಿ ಕಟ್ಟಿಕೊಂಡ ಡಮರಿಸ್ ಫ್ಲಡ್ ಬರಿಗಾಲಿನಲ್ಲಿ ನಿಧಾನವಾಗಿ ಹೆಜ್ಜೆ ಇಡುತ್ತಾರೆ. ಹೆಜ್ಜೆಯ ಭಾರಕ್ಕೆ ಕೆಸರಿನ ಸಣ್ಣ ತೂತೊಂದರಿಂದ ನೀರು ಚಿಮ್ಮುತ್ತದೆ. ಅಲ್ಲೇ ಬಗ್ಗಿ, ಕಬ್ಬಿಣದ ಕವೆಗೋಲಿನಿಂದ ಅಗೆದು, ಕಪ್ಪೆಚಿಪ್ಪನ್ನು ಎತ್ತಿ ಬುಟ್ಟಿಗೆ ಹಾಕುತ್ತಾರೆ. ಏಪ್ರಿಲ್ ತಿಂಗಳಾದರೂ ಕೆಸರಿನ ಅಂಚಿನಲ್ಲಿ ತೆಳುವಾಗಿ ಮಂಜುಗಡ್ಡೆ ಕಟ್ಟಿದೆ.

"ಕೈಗಿಂತ ಕಾಲಿಗೇ ಚೆನ್ನಾಗಿ ಗೊತ್ತಾಗೋದು ಮೇಷ್ಟ್ರೇ. ಅದಕ್ಕೇ ಬೂಟು ಹಾಕಲ್ಲ," ಎನ್ನುತ್ತಾರೆ, ಹಿಂದೆ ನಡೆಯುತ್ತಿರುವ ನನಗೆ, ಊರಿನ ಶಾಲೆಯ ಮೇಷ್ಟ್ರಿಗೆ. "ಬೂಟೂ ಒಂದೇ ಜೊತೆ ಇರೋದು, ಅದು ಬೇರೆ ವಿಷಯ."

ಭರತದ ನೀರು ಏರುವಷ್ಟರಲ್ಲಿ ಎರಡು ಬುಟ್ಟಿ ತುಂಬಬೇಕು. ಬುಟ್ಟಿಗೆ ಸುಮಾರು ಮುನ್ನೂರು ಚಿಪ್ಪು. ಮನೆಗೆ ಬಂದು ಮರದ ಬೊಡ್ಡೆಯಲ್ಲಿ ಕೊರೆದ ಒರಳಿನಲ್ಲಿ ಮೆಕ್ಕೆಜೋಳ ಕುಟ್ಟಬೇಕು. ಬೀಸುವ ಗಿರಣಿ ಇರುವುದು ಒಂಬತ್ತು ಮೈಲಿ ದೂರದಲ್ಲಿ. ನಾಲ್ಕು ಮನೆಗಳ ಜೋಳ ಡಮರಿಸ್ ಕೈಯಲ್ಲೇ ನುಚ್ಚಾಗುತ್ತದೆ. ಆ ನುಚ್ಚಿನ ಗಂಜಿಯೇ ನಮಗೆ ಬೆಳಗ್ಗೆಗೂ ರಾತ್ರಿಗೂ. ಮಧ್ಯಾಹ್ನ ಬಟಾಣಿಯೋ ಕುಂಬಳಕಾಯಿಯೋ ಬೆಂದರೆ ಹಬ್ಬ. ಗೋಧಿ ಬಿತ್ತಿದವರಿಗೆ ತೆನೆ ಕಪ್ಪಾಗಿಸುವ ಕಾಡಿಗೆ ರೋಗವೇ ಫಸಲು.

ಕಪ್ಪೆಚಿಪ್ಪು ಮಾತ್ರ ನಮ್ಮಲ್ಲಿ ಮರ್ಯಾದೆಯ ಊಟವಲ್ಲ, ಹಂದಿಗೆ ಹಾಕುವ ತಿನಿಸು. ನೆಂಟರು ಬಂದರೆ ಆ ಪಾತ್ರೆಯನ್ನು ಮರೆಮಾಡುತ್ತೇವೆ. ಬುಟ್ಟಿ ಹೊತ್ತು ದಡ ಹತ್ತುವ ಡಮರಿಸ್‌ಗೆ ನೆರೆಯ ಹೆಪ್ಜಿಬಾ ಬೇಲಿಯಾಚೆಯಿಂದಲೇ ಕೇಳುತ್ತಾಳೆ:

"ಏನಕ್ಕಾ, ಇವತ್ತೂ ಹಂದಿ ಊಟಾನಾ?"

"ಹೂಂ ಕಣೇ. ನಿನ್ ಪಾಲೂ ತಂದಿದೀನಿ, ಪಾತ್ರೆ ತಾ."

ಹೆಪ್ಜಿಬಾ ನಗುತ್ತ ಪಾತ್ರೆ ತರುತ್ತಾಳೆ. ಅವಳ ಮನೆಯ ಹಂದಿಯನ್ನು ಹೋದ ಶರತ್ಕಾಲದಲ್ಲೇ ಕಡಿದು ಉಪ್ಪು ಹಾಕಿದ್ದಾಗಿದೆ ಎಂಬುದು ಇಬ್ಬರಿಗೂ ಗೊತ್ತು.

ಡಮರಿಸ್‌ಗೆ ಈಗ ಐವತ್ತಾರು. ಹನ್ನೊಂದು ವರ್ಷದ ಹಿಂದೆ ಸಾಲ್ಟರ್ ಕೊಲ್ಲಿಗೆ ಬಂದ ಮೊದಲ ಹಡಗಿನವರು. ಆ ಹಡಗು ಬಂದದ್ದು ಬಿತ್ತನೆಯ ಕಾಲ ಮುಗಿದು ಎಲೆ ಕೆಂಪಾಗುವ ಹೊತ್ತಿಗೆ. ತಂದ ಹಿಟ್ಟು ಬೂಸ್ಟು ಹಿಡಿದಿತ್ತು. ಮನೆ ಕಟ್ಟಲು ಸಮಯವಿಲ್ಲದೆ ಗುಡ್ಡ ಕೊರೆದು, ಮೇಲೆ ಜೊಂಡು ಹೊದಿಸಿ, ಒಳಗೆ ಹೊಗೆಯಲ್ಲಿ ಕೂತರು. ತಾಮ್ರದ ಪಾತ್ರೆಗಳನ್ನು ಕೊಟ್ಟು ನದಿಯಾಚೆಯ ಊರಿನಲ್ಲಿದ್ದ ಈ ನೆಲದ ಮೂಲ ಜನರಿಂದ ಎರಡು ಪೀಪಾಯಿ ಮೆಕ್ಕೆಜೋಳ ತಂದದ್ದು ವಸಂತದ ಬಿತ್ತನೆಗೆ. ಉಗ್ರಾಣದವನು ಜನವರಿಯಲ್ಲಿ ಸತ್ತ. ಪಕ್ಕದ ಗುಡಿಸಲಿನವರು ಎಂಬ ಒಂದೇ ಕಾರಣಕ್ಕೆ ಜೋಳದ ಉಗ್ರಾಣದ ಕೀಲಿ ಡಮರಿಸ್ ಕೈಗೆ ಬಂತು.

ಐವತ್ತೆಂಟು ಜನರಲ್ಲಿ ಮಾರ್ಚ್‌ಗೆ ಉಳಿದವರು ಮೂವತ್ತನಾಲ್ಕು. ಅವರನ್ನು ಉಳಿಸಿದ್ದು ಕೆಸರು. ತೋರಿಸಿಕೊಟ್ಟದ್ದು ನದಿಯಾಚೆಯ ವೀಕನ್ ಎಂಬ ಹೆಂಗಸು. ಚಿಪ್ಪು ಎಲ್ಲಿರುತ್ತದೆ, ತೊರೆಯ ದಂಡೆಯಲ್ಲಿ ಮಣಿಸರದಂತೆ ಬೆಳೆಯುವ ಗೆಡ್ಡೆಯನ್ನು ಹೇಗೆ ಅಗೆಯಬೇಕು, ಹಾವುಮೀನನ್ನು ಕಾಲಿನಿಂದ ತುಳಿದು ಹೇಗೆ ಹಿಡಿಯಬೇಕು, ಎಲ್ಲ ಅವಳೇ ಕಲಿಸಿದ್ದು.

"ಒಬ್ಬರ ಮಾತು ಇನ್ನೊಬ್ಬರಿಗೆ ಬರ್ತಿರಲಿಲ್ಲ. ಆಮೇಲೆ ನಾಲ್ಕು ಮಾತು ಕಲಿತ ಮೇಲೆ ಅವಳು ಮೊದಲು ಹೇಳಿದ್ದೇನು ಗೊತ್ತಾ? ನಿನ್ನ ಒಲೆ ಇರೋ ಜಾಗ ನಮ್ಮತ್ತೆ ಹೊಲ ಅಂತ. ಜಗಳಕ್ಕಲ್ಲ, ಸುಮ್ಮನೆ ಹೇಳಿದ್ಲು." ಎನ್ನುತ್ತಾರೆ ಡಮರಿಸ್. ಮೂರನೇ ವರ್ಷ ಬಂದ ಸಿಡುಬು ವೀಕನ್‌ಳನ್ನೂ ಅವಳ ಊರಿನ ಬಹುಪಾಲನ್ನೂ ಒಯ್ದಿತು.

ಮೊದಲ ಚಳಿಗಾಲದ ಕೊನೆಗೆ ಚಿಪ್ಪಿನ ಸಾರು ಜನರಿಗೆ ಸಾಕಾಗಿತ್ತು. ಜೋಳ ಹಂಚಿಬಿಡಿ ಎಂಬ ಮಾತು ಶುರುವಾಯಿತು. ಡಮರಿಸ್ ಗಂಡ ಗೈಲ್ಸ್ ಆಗ ಜ್ವರ ಹಿಡಿದು ಮಲಗಿದ್ದರು. ಮಾರ್ಚ್ ಹತ್ತೊಂಬತ್ತರ ಬೆಳಗ್ಗೆ ನಾಲ್ವರು ಗಂಡಸರು ಕೊಡಲಿ ಹಿಡಿದು ಡಮರಿಸ್ ಬಾಗಿಲಿಗೆ ಬಂದರು. ಅವರಲ್ಲೊಬ್ಬರಾದ ಈನಕ್ ಥ್ರಿಪ್ ಇಂದು ಊರಿನ ಹಿರಿಯರು. ಅವರು ಮುಚ್ಚಿಡದೆ ಹೇಳುತ್ತಾರೆ:

"ಕೀಲಿ ಕೊಡಮ್ಮಾ ಅಂದೆ. ಇವರು ಬಾಗಿಲಿಂದ ಪಕ್ಕಕ್ಕೆ ಸರಿದ್ರು. ಒಳಗೆ ಗೈಲ್ಸ್ ಮುಖದ ಮೇಲೆ ಬಟ್ಟೆ ಹಾಕಿತ್ತು. 'ಇವರಿಗೇ ಕೊಟ್ಟಿಲ್ಲ, ನಿಮಗೆ ಹೇಗೆ ಕೊಡ್ಲಿ' ಅಂದ್ರು. ಜೋರಾಗೇನೂ ಹೇಳ್ಲಿಲ್ಲ. ನಾವು ಕೊಡಲೀನ ಅಲ್ಲೇ ಇಟ್ಟು ಗುಂಡಿ ತೋಡೋಕೆ ಹೋದ್ವಿ."

ಓಕ್ ಮರದ ಚಿಗುರು ಇಲಿಯ ಕಿವಿಯಷ್ಟಾದಾಗ ಎರಡೂ ಪೀಪಾಯಿಗಳನ್ನು ತೆರೆದರು. ಮಣ್ಣಿನ ಗುಡ್ಡೆಗೆ ನಾಲ್ಕು ಕಾಳು, ಕಾಳಿನ ಬುಡಕ್ಕೆ ಗೊಬ್ಬರವಾಗಿ ಎರಡು ಮೀನು, ವೀಕನ್ ಹೇಳಿದ ಹಾಗೆ. ಆ ಶರತ್ಕಾಲದಲ್ಲಿ ಎರಡನೇ ಹಡಗಿನಲ್ಲಿ ಬಂದ ನಾವು ಇಳಿದ ದಿನ ತಿಂದದ್ದು ಅದೇ ಫಸಲಿನ ರೊಟ್ಟಿ. ಯಾರ ದಯೆಯಿಂದ ತಿನ್ನುತ್ತಿದ್ದೇವೆಂದು ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಊರಿನ ದಫ್ತರದಲ್ಲಿ ಆ ವರ್ಷದ ಬಗ್ಗೆ ಇರುವುದು ಒಂದೇ ಸಾಲು: ದೇವರ ಕೃಪೆಯಿಂದ ಬಿತ್ತನೆಗೆ ಕಾಳು ಉಳಿದಿತ್ತು.

ಕೃಪೆಯ ವಿಷಯದಲ್ಲಿ ಡಮರಿಸ್‌ಗೆ ತಕರಾರಿಲ್ಲ. ಆದರೆ ಗಂಡನಿಗೆ ಅನ್ನ ಕೊಡದವಳು ಎಂಬ ಪಿಸುಮಾತು ಬಾವಿಯ ಬಳಿ ಇಂದಿಗೂ ಇದೆ. ಪ್ರಾರ್ಥನೆಯ ಮನೆಯಲ್ಲಿ ಆಕೆ ಕೂರುವುದು ಕಡೆಯ ಬೆಂಚಿನಲ್ಲಿ, ಒಬ್ಬರೇ.

ಆ ಬಗ್ಗೆ ಕೇಳಿದಾಗ ಒನಕೆ ನಿಲ್ಲುತ್ತದೆ. ಕೈ ಒರೆಸಿಕೊಂಡು, ಕುಟ್ಟಿದ ನುಚ್ಚನ್ನು ಜರಡಿಗೆ ಸುರಿಯುತ್ತಾರೆ. ಎರಡು ಸಲ ಜರಡಿ ಆಡಿಸಿ ನಿಲ್ಲಿಸುತ್ತಾರೆ.

"ಎರಡು ಸಲ ಕೇಳಿದ್ರು ನಮ್ಮನೆಯೋರು. ಒಂದು ಹಿಡಿ ಜೋಳ ಬೇಯಿಸಿಕೊಡು ಅಂತ. ಆಗೋದಿಲ್ಲ ಅಂದೆ. ಮೂರನೇ ಸಲ ಅವರು ಕೇಳ್ಲೇ ಇಲ್ಲ. ನನ್ನ ಕೈಲೇ ತಡೆಯೋಕಾಗ್ದೆ ಕೀಲಿ ತಗೊಂಡು ಎದ್ದೆ. ಬಾಗಿಲವರೆಗೂ ಹೋಗಿದ್ದೆ. ಮಲಗಿದ್ದಲ್ಲಿಂದ್ಲೇ 'ಬಂದು ಕೂತ್ಕೋ' ಅಂದ್ರು."

ಜರಡಿ ಮತ್ತೆ ಆಡುತ್ತದೆ.

"ಬರೆಯೋದೇ ಆದ್ರೆ ಅವರ ಹೆಸರು ಬರೀರಿ ಮೇಷ್ಟ್ರೇ. ಗೈಲ್ಸ್ ಫ್ಲಡ್. ಬಡಗಿ ಕೆಲಸದವರು. ಹಸಿದದ್ದು ಅವರು. ನಾನು ಬಂದು ಕೂತ್ಕೊಂಡೆ, ಅಷ್ಟೆ."