ದೇವರ ಹೊಲದ ಬದುವಿನ ಮೇಲೆ ಬಿಟ್ಟ ಚಪ್ಪಲಿ

ಆ ಹೊಲ ಬಾಗೇವಾಡಿ ರಸ್ತೆಗಿತ್ತೋ ಗೊಳಸಂಗಿ ಕಡೆಗೋ, ಈಗ ನನಗೆ ಖಾತ್ರಿಯಿಲ್ಲ. ನಮ್ಮೂರ ಗುಡಿಯ ಹೆಸರಿನಲ್ಲಿದ್ದ ಅದನ್ನು ಒಬ್ಬ ರೈತ ತನ್ನ ತಂದೆಯ ಕಾಲದಿಂದ ಪಾಲಿಗೆ ಮಾಡುತ್ತಿದ್ದ. ದಿನವೂ ಬದುವಿನ ಮೇಲೆ ಚಪ್ಪಲಿ ಬಿಟ್ಟೇ ಹೊಲಕ್ಕಿಳಿಯುತ್ತಿದ್ದ. ಯಾಕೆಂದು ನಾನು ಕೇಳಿದರೆ, "ಹೊಲ ದೇವರದೈತ್ರಿ ಅಕ್ಕಾರ," ಎನ್ನುತ್ತಿದ್ದ.

"ಕಂದಾಯ ನೀನ ಕಟ್ಟತಿ. ದೇವರೇನು ಮಾಡ್ತಾನ?"

"ಮಾಲಕ ಅಲ್ಲೇನ್ರಿ? ಕುಂತಿರತಾನ."

ಎಪ್ಪತ್ತರ ದಶಕದಲ್ಲಿ ಉಳುವವನಿಗೇ ಭೂಮಿ ಎಂಬ ಕಾಯ್ದೆ ಬಂದಾಗ ಹೆಂಡತಿ ಕಾಡಿ ಬೇಡಿ ಅವನಿಂದ ಅರ್ಜಿ ಹಾಕಿಸಿದಳು. ಹೊಲ ನೋಡಲು ಬಂದ ಅಧಿಕಾರಿ, "ಇದನ್ನ ಯಾರು ಉಳತೀರಿ?" ಎಂದು ಕೇಳಿದರು. ಅವನು ಬಾಯಿ ತೆರೆಯುವ ಮೊದಲೇ ಗುಡಿಯ ಪಂಚರಲ್ಲಿ ಒಬ್ಬರಾದ ನನ್ನ ಕಾಕಾ ನಡುವೆ ಬಂದರು: "ಮೊದಲ ಹೊಲ ಯಾರದಂತ ಕೇಳ್ರಿ ಸಾಹೇಬ್ರ."

"ದೇವರದ್ರಿ," ಎಂದ ಅವನು, ಎಂದಿನಂತೆ.

"ನಾ ಉಳತೇನಿ ಅನ್ರಿ! ಬಾಯಿಗೇನಾಗೈತಿ ನಿಮಗ?" ಎಂದು ಹೆಂಡತಿ ಚೀರಿದಳು. ಅಷ್ಟರಲ್ಲಿ ಅಧಿಕಾರಿ ಅವನ ಮಾತನ್ನು ಬರೆದುಕೊಂಡಾಗಿತ್ತು. ಹೊಲ ಗುಡಿಗೇ ಉಳಿಯಿತು. ಅವನು ಮತ್ತೆ ಅದನ್ನೇ ಬಿತ್ತಿದ, ಬರಿಗಾಲಲ್ಲಿ.

ಆ ದಿನ ಬದುವಿನ ಮೇಲೆ ಅವನದೊಂದೇ ಜೋಡು ಚಪ್ಪಲಿ ಇದ್ದದ್ದು ನನಗೆ ನೆನಪು. ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಅದಕ್ಕೇ ಕಾಕಾನನ್ನು ಕೇಳಿದೆ:

"ಅವತ್ತ ನೀವು ಚಪ್ಪಲಿ ಬಿಟ್ಟಿದ್ರೇನು, ಕಾಕಾ?"